ಹೆಡ್‌ಲೈಟ್ ಬದಲಿಸಿದ ಮೇಲೆ ಫ್ಯೂಸ್ ಹೋಗ್ತಿದೆಯಾ? ದೊಡ್ಡ ಫ್ಯೂಸ್ ಹಾಕಬೇಡಿ

ಪ್ರಶ್ನೆ: "ಸರ್, ನಮಸ್ಕಾರ. ನಮ್ಮೂರು ಅಣ್ಣಿಗೇರಿ, ಕೆಲಸ ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಬೈಕಿನಲ್ಲೇ ಊರಿಗೆ ಬರ್ತೀನಿ. ಗಾಡಿ 2015ರ ಸ್ಪ್ಲೆಂಡರ್. ನಾಯಿ ಅಡ್ಡ ಬಂದು ಬಿದ್ದಾಗ ಹೆಡ್‌ಲೈಟ್ ಡೂಮ್ ಒಡೆಯಿತು. ಅಂಗಡಿಯವರು ಬೇರೆ ಡೂಮ್ ಹಾಕಿ ಒಳಗೆ ಎಲ್‌ಇಡಿ ಬಲ್ಬ್ ಕೂರಿಸಿದರು. ಹಳೇ ಹೋಲ್ಡರ್ ಸುಟ್ಟಿದೆ ಅಂತ ಅದನ್ನು ಕತ್ತರಿಸಿ, ವೈರ್ ತಿರುಚಿ ಟೇಪ್ ಸುತ್ತಿದರು. ಅವತ್ತಿನಿಂದ ಐಡ್ಲಿಂಗ್‌ನಲ್ಲಿ ಲೈಟ್ ಪಟಪಟ ಮಿನುಗೋದು, ಲೋ ಬೀಮ್ ಇದ್ದರೂ ಮೀಟರಿನಲ್ಲಿ ಹೈ ಬೀಮ್ ತೋರಿಸುವ ನೀಲಿ ದೀಪ ಮಂಕಾಗಿ ಉರಿಯೋದು ಶುರುವಾಯ್ತು. ಇನ್ನೊಬ್ಬ ಮೆಕ್ಯಾನಿಕ್ ಬ್ಯಾಟರಿಯಿಂದ ಡೈರೆಕ್ಟ್ ವೈರ್ ಎಳೆದು ಹ್ಯಾಂಡಲ್ ಹತ್ತಿರ ಬೇರೆ ಸ್ವಿಚ್ ಕೊಟ್ಟರು. ಈಗ ಮಿನುಗಲ್ಲ. ಆದರೆ ಕಂಪನಿ ಸ್ವಿಚ್ಚನ್ನು ಪೂರ್ತಿ ಆನ್ ಮಾಡಿದರೆ ತಕ್ಷಣ ಫ್ಯೂಸ್ ಹೋಗುತ್ತೆ. ಅದನ್ನು ಆಫ್ ಇಟ್ಟರೆ ಹೆಡ್‌ಲೈಟ್ ಉರಿಯುತ್ತೆ, ಹಿಂದಿನ ಲೈಟ್ ಮತ್ತು ಮೀಟರ್ ಲೈಟ್ ಉರಿಯಲ್ಲ. ಬೆಳಿಗ್ಗೆ ಹಾರ್ನ್ ಸರಿಯಾಗಿ ಆಗಲ್ಲ. ಎದುರಿನವರೆಲ್ಲ ಡಿಮ್ ಮಾಡು ಅಂತ ಲೈಟ್ ಹೊಡೀತಾರೆ, ನಾನು ಡಿಮ್‌ನಲ್ಲೇ ಇರ್ತೀನಿ. ಒಬ್ಬರು 'ಫ್ಯೂಸ್ ದೊಡ್ಡದ ಹಾಕ್ರಿ, ಏನೂ ಆಗೂದಿಲ್ಲ' ಅಂತಾರೆ. ಇನ್ನೊಬ್ಬರು ಎಲ್‌ಇಡಿ ತೆಗೆದು 100/90 ಬಲ್ಬ್ ಹಾಕಿ ಅಂತಾರೆ. ಏನು ಮಾಡಲಿ? ತಮ್ಮನ ಹತ್ತಿರ 2021ರ ಗಾಡಿ ಇದೆ, ಅವನೂ ಎಲ್‌ಇಡಿ ಹಾಕಿಸ್ತೀನಿ ಅಂತಿದ್ದಾನೆ."

ಉತ್ತರ:

ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ನಿಮ್ಮ ಹಿಂದಿನ ಲೈಟ್. ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ರಾತ್ರಿ ಹೊತ್ತು ಟೇಲ್ ಲೈಟ್ ಇಲ್ಲದೆ ಓಡಿಸ್ತಾ ಇದ್ದೀರಿ. ಹೆಡ್‌ಲೈಟ್ ಮಿನುಗೋದಕ್ಕಿಂತ ಇದು ಹತ್ತು ಪಾಲು ಅಪಾಯ. ಹಿಂದಿನಿಂದ ಬರುವ ಲಾರಿಯವನಿಗೆ ನೀವು ಬ್ರೇಕ್ ಒತ್ತಿದಾಗ ಮಾತ್ರ ಕಾಣಿಸುತ್ತೀರಿ, ಯಾಕಂದ್ರೆ ಬ್ರೇಕ್ ಲೈಟ್ ಬ್ಯಾಟರಿ ಮೇಲೆ ನಡೆಯುತ್ತದೆ, ಟೇಲ್ ಲೈಟ್ ಹಾಗಲ್ಲ. ನಿಮ್ಮ ಗಾಡಿಯ ಲೈಟ್ ಸ್ವಿಚ್‌ಗೆ ಮೂರು ಜಾಗ ಇರುತ್ತವೆ: ಆಫ್, ನಡುವೆ ಪೈಲಟ್ ಲೈಟ್ ಅನ್ನುವ ಮುಂದಿನ ಸಣ್ಣ ದೀಪ, ಕೊನೆಗೆ ಹೆಡ್‌ಲೈಟ್. ಇವತ್ತು ಗಾಡಿ ಸ್ಟಾರ್ಟ್ ಮಾಡಿ ಸ್ವಿಚ್ಚನ್ನು ನಡುವಿನ ಜಾಗದಲ್ಲಿ ಮಾತ್ರ ಇಟ್ಟು ನೋಡಿ. ನೀವು ಬರೆದ ಲಕ್ಷಣ ನೋಡಿದರೆ ಅಲ್ಲಿ ಫ್ಯೂಸ್ ಹೋಗಬಾರದು, ಹಿಂದಿನ ಲೈಟ್ ಬರಬೇಕು. ಬಂತಾ, ವೈರಿಂಗ್ ಸರಿ ಮಾಡಿಸುವವರೆಗೆ ಹಾಗೇ ಓಡಿಸಿ. ಬರಲಿಲ್ಲವಾ, ರಾತ್ರಿ ಗಾಡಿ ತೆಗೀಬೇಡಿ, ಬಸ್ಸಿಗೆ ಬನ್ನಿ. ಜೊತೆಗೆ ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿಬಿಡಿ. ಖರ್ಚು ಏನೂ ಇಲ್ಲ, ಐದು ನಿಮಿಷದ ಕೆಲಸ.

ಈಗ ಫ್ಯೂಸ್ ವಿಷಯಕ್ಕೆ ಬರೋಣ. ನಿಮ್ಮ ಪತ್ರ ಓದಿದಾಗಲೇ ಏನಾಗಿದೆ ಅಂತ ಹೆಚ್ಚುಕಡಿಮೆ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಬೈಕ್ ವೈರಿಂಗ್ ಕೆಲಸ ಮಾಡುವ ನನ್ನಂಥವರ ಹತ್ತಿರ ಇದೇ ರೋಗದ ಗಾಡಿಗಳು ಮತ್ತೆ ಮತ್ತೆ ಬರುತ್ತವೆ.

ಆ ಕಾಲದ 100 ಸಿಸಿ ಗಾಡಿಗಳಲ್ಲಿ ಕರೆಂಟಿಗೆ ಎರಡು ಮನೆ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಬ್ಯಾಟರಿಯಿಂದ ನಡೆಯುತ್ತವೆ, ಅದು ಡಿಸಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಹೆಡ್‌ಲೈಟ್, ಟೇಲ್ ಲೈಟ್, ಮೀಟರ್ ಲೈಟ್ ಮಾತ್ರ ಎಂಜಿನ್ ಒಳಗಿನ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರವಾಗಿ ಬರುತ್ತವೆ, ಅದು ಎಸಿ, ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ವಿಚ್ ಹಾಕಿದರೆ ಇಂಥ ಗಾಡಿಯಲ್ಲಿ ಹೆಡ್‌ಲೈಟ್ ಬರುವುದಿಲ್ಲ. ಹಾರ್ನ್ ಆಗುತ್ತದೆ. ರೇಸ್ ಕೊಟ್ಟರೆ ಬೆಳಕು ಜಾಸ್ತಿ, ಬಿಟ್ಟರೆ ಕಡಿಮೆ. ನಿಮ್ಮ ಹಳೇ ಬಲ್ಬ್ ಹೀಗೇ ಇತ್ತು ಅಲ್ವಾ? ಅದು ದೋಷ ಅಲ್ಲ, ಗಾಡಿ ಮಾಡಿರುವುದೇ ಹಾಗೆ.

ಆ ಕಾಯಿಲ್ಲಿನ ಒಂದು ತುದಿ ಎಂಜಿನ್ ಬಾಡಿಗೆ, ಅಂದರೆ ಅರ್ಥ್‌ಗೆ ಸೇರಿರುತ್ತದೆ. ಇನ್ನೊಂದು ತುದಿಯಿಂದ ಹಳದಿ ವೈರ್ ಹೊರಗೆ ಬಂದು, ಎಸಿಯನ್ನು ಡಿಸಿ ಮಾಡಿ ವೋಲ್ಟೇಜನ್ನು ಮಿತಿಯಲ್ಲಿಡುವ ರೆಕ್ಟಿಫೈಯರ್‌ಗೂ ಲೈಟ್ ಸ್ವಿಚ್‌ಗೂ ಹೋಗುತ್ತದೆ. ಕಾಯಿಲ್ ಅಂದರೆ ದಪ್ಪ ತಾಮ್ರದ ತಂತಿ ಸುತ್ತಿರುವುದು. ಮಲ್ಟಿಮೀಟರ್ ಹಿಡಿದರೆ ಒಂದು ಓಮ್ ಆಸುಪಾಸು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ ತೋರಿಸುತ್ತದೆ. ಎರಡನೇ ಮೆಕ್ಯಾನಿಕ್ ಏನು ಮಾಡಿದ್ದಾರೆ ಅಂದರೆ, ಬ್ಯಾಟರಿ ಪಾಸಿಟಿವ್ ವೈರನ್ನು ತಂದು ಲೈಟ್ ಸ್ವಿಚ್‌ನಿಂದ ಡಿಪ್ಪರ್ (ಹೈ-ಲೋ ಬದಲಿಸುವ) ಸ್ವಿಚ್‌ಗೆ ಹೋಗುವ ವೈರಿಗೆ ಸೇರಿಸಿದ್ದಾರೆ, ಆದರೆ ಹಳೇ ಎಸಿ ವೈರನ್ನು ಅಲ್ಲಿಂದ ಬಿಡಿಸಿಲ್ಲ. ಕಂಪನಿ ಸ್ವಿಚ್ ಆಫ್ ಇದ್ದಾಗ ಎರಡೂ ಮನೆ ಬೇರೆ ಬೇರೆ ಇರುತ್ತವೆ, ಹೆಡ್‌ಲೈಟ್ ಬ್ಯಾಟರಿ ಮೇಲೆ ಉರಿಯುತ್ತದೆ. ಸ್ವಿಚ್ ಪೂರ್ತಿ ಆನ್ ಮಾಡಿದ ಕೂಡಲೇ ಬ್ಯಾಟರಿಯ ಪಾಸಿಟಿವ್ ಆ ಕಾಯಿಲ್ ಮೂಲಕ ನೇರ ಅರ್ಥ್‌ಗೆ ಹೋಗುತ್ತದೆ. ಅಂದರೆ ಶಾರ್ಟ್. ಫ್ಯೂಸ್ ಹೋಗುವುದು ಅದಕ್ಕೇ, ಮತ್ತು ಹೋಗಲೇಬೇಕು. ನಿಮ್ಮ ಗಾಡಿಯಲ್ಲಿ ಸದ್ಯಕ್ಕೆ ತನ್ನ ಕೆಲಸ ಸರಿಯಾಗಿ ಮಾಡ್ತಾ ಇರೋದು ಆ ಫ್ಯೂಸ್ ಒಂದೇ.

ಆದ್ದರಿಂದ "ದೊಡ್ಡದು ಹಾಕ್ರಿ" ಅನ್ನುವ ಮಾತು ಕೇಳಲೇಬೇಡಿ. 20 ಆಂಪ್ ಫ್ಯೂಸ್ ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರ್ ಉರಿಯುತ್ತದೆ. ಆ ವೈರಿಂಗ್ ಕಿಟ್ ಹಾದು ಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಟ್ಯಾಂಕ್ ಎತ್ತಿ ನೋಡಿದಾಗ ಏಳೆಂಟು ವೈರ್ ಒಂದಕ್ಕೊಂದು ಕರಗಿ ಅಂಟಿಕೊಂಡು, ಕಪ್ಪು ಹಗ್ಗದ ಹಾಗೆ ಗಟ್ಟಿಯಾಗಿರುವುದನ್ನು ನಾನು ನೋಡಿದ್ದೇನೆ. ಆಗ ಪೂರ್ತಿ ಕಿಟ್ ಬದಲಿಸಬೇಕು, ಬೇರೆ ದಾರಿ ಇಲ್ಲ. ಬೆಂಕಿ ಹತ್ತದೇ ಇದ್ದದ್ದೇ ಪುಣ್ಯ ಅನ್ನಬೇಕು. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂದರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ಅದನ್ನು ಹುಡುಕಬೇಕು. ಕಂಪನಿ ಎಷ್ಟು ಆಂಪ್ ಕೊಟ್ಟಿದೆಯೋ ಅಷ್ಟೇ ಇರಲಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದಂತೂ ಬೇಡವೇ ಬೇಡ.

ಇನ್ನು ಮೊದಲಿನ ಮಿನುಗು. ಎಸಿ ಕರೆಂಟ್ ಒಂದೇ ಸಮ ಇರುವುದಿಲ್ಲ, ಸೆಕೆಂಡಿಗೆ ಎಷ್ಟೋ ಸಲ ಏರಿ ಇಳಿದು ದಿಕ್ಕು ಬದಲಿಸುತ್ತದೆ. ಹಳೇ ಬಲ್ಬಿನ ತಂತಿ ಕಾದು ಕೆಂಪಾಗಿರುತ್ತದೆ, ಕರೆಂಟ್ ಒಂದು ಕ್ಷಣ ಇಳಿದರೂ ಬಿಸಿ ಇಳಿಯುವುದಿಲ್ಲ, ಹಾಗಾಗಿ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಎಲ್‌ಇಡಿಗೆ ಆ ತಾಳ್ಮೆ ಇಲ್ಲ. ಕರೆಂಟ್ ಇಳಿದ ಕ್ಷಣವೇ ಆರುತ್ತದೆ, ಬಂದ ಕ್ಷಣವೇ ಹತ್ತುತ್ತದೆ. ಐಡ್ಲಿಂಗ್‌ನಲ್ಲಿ ವೋಲ್ಟೇಜೂ ಕಡಿಮೆ ಇರುವುದರಿಂದ ಮಿನುಗು ಎದ್ದು ಕಾಣುತ್ತದೆ. ಬಲ್ಬ್ ಕೆಟ್ಟಿರಲಿಲ್ಲ, ಅದು ಡಿಸಿಗೆ ಮಾಡಿದ ಬಲ್ಬ್, ಅಷ್ಟೇ. ನೀಲಿ ದೀಪ ಮಂಕಾಗಿ ಉರಿಯುವುದಕ್ಕೆ ಎರಡು ಕಾರಣ ಇರಬಹುದು. ಒಂದು, ತಿರುಚಿದ ಜಾಗದಲ್ಲಿ ಅರ್ಥ್ ವೈರ್ ಸಡಿಲ ಇದೆ. ಅರ್ಥ್ ಸಿಗದೇ ಇದ್ದರೆ ಲೋ ಬೀಮಿಗೆ ಬಂದ ಕರೆಂಟ್ ಬಲ್ಬ್ ಒಳಗಿಂದಲೇ ಹೈ ಬೀಮ್ ವೈರಿಗೆ ದಾಟಿ, ಅಲ್ಲಿಂದ ಮೀಟರಿನ ನೀಲಿ ದೀಪದ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಎರಡು, ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳ ಸರ್ಕ್ಯೂಟ್ ಒಳಗೇ ಹೀಗೆ ಸೋರುತ್ತದೆ. ನಾನಾದರೆ ಮೊದಲು ಅರ್ಥನ್ನೇ ಅನುಮಾನಿಸುತ್ತೇನೆ.

ಹಾರ್ನ್ ವಿಷಯ ಸರಳ. ನಿಮ್ಮ ಬ್ಯಾಟರಿ ಚಿಕ್ಕದು, 3 ಎಎಚ್ (ಆಂಪ್-ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಆಸುಪಾಸು. ಅದನ್ನು ಮಾಡಿರುವುದು ಹಾರ್ನಿಗೆ, ಇಂಡಿಕೇಟರಿಗೆ. ಹೆಡ್‌ಲೈಟಿನ ಭಾರ ಅದರ ಮೇಲೆ ಹಾಕಿದಿರಿ. 20 ವ್ಯಾಟಿನ ಎಲ್‌ಇಡಿ ಅಂದರೂ ಒಂದೂವರೆ ಆಂಪಿಗಿಂತ ಜಾಸ್ತಿ ಎಳೆಯುತ್ತದೆ. ಊರೊಳಗೆ ಸಿಗ್ನಲ್‌ಗೆ ನಿಂತು ನಿಂತು ಹೊರಡುವಾಗ ಚಾರ್ಜ್ ಆಗುವುದಕ್ಕಿಂತ ಖರ್ಚಾಗುವುದೇ ಜಾಸ್ತಿ. ಜೊತೆಗೆ ಆ ಡೈರೆಕ್ಟ್ ವೈರ್ ಕೀ ಸ್ವಿಚ್ ಮೂಲಕ ಬಂದಿಲ್ಲ ಅನ್ನಿಸುತ್ತದೆ. ಒಂದು ರಾತ್ರಿ ಆ ಸಣ್ಣ ಸ್ವಿಚ್ ಆರಿಸಲು ಮರೆತರೆ ಬೆಳಿಗ್ಗೆ ಬ್ಯಾಟರಿ ಪೂರ್ತಿ ಸತ್ತಿರುತ್ತದೆ.

ಈಗ 100/90 ಬಲ್ಬ್, ಅಂದರೆ ಹೈ ಬೀಮಿಗೆ 100 ವ್ಯಾಟ್, ಲೋ ಬೀಮಿಗೆ 90 ವ್ಯಾಟ್. ಇದು ನಮ್ಮ ಕಡೆ ತುಂಬಾ ಹಳೇ ನಂಬಿಕೆ, ವ್ಯಾಟ್ ಜಾಸ್ತಿ ಆದರೆ ಬೆಳಕು ಜಾಸ್ತಿ ಅಂತ. ನಿಮ್ಮ ಗಾಡಿಗೆ ಕಂಪನಿ ಕೊಟ್ಟಿರುವುದು 35/35 ವ್ಯಾಟಿನ ಹ್ಯಾಲೋಜನ್, ಎಚ್‌ಎಸ್‌1 ಅಂತ ಬರೆದಿರುತ್ತದೆ. ಅದು ಮೂರು ಆಂಪ್ ಹತ್ತಿರ ಎಳೆಯುತ್ತದೆ. ಬುಲೆಟ್‌ಗಳಲ್ಲಿ ಬರುವ ಎಚ್‌4 ಬಲ್ಬ್ 60/55 ವ್ಯಾಟಿನದು, ಐದು ಆಂಪ್. 100/90 ಹಾಕಿದರೆ ಎಂಟು ಆಂಪ್ ದಾಟುತ್ತದೆ. ನಿಮ್ಮ ಕಾಯಿಲ್ ಹತ್ತಿರ ಅಷ್ಟು ಕರೆಂಟೇ ಇಲ್ಲ. ಇಲ್ಲದ್ದನ್ನು ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ, ಬಲ್ಬ್ ಮೊದಲಿಗಿಂತ ಹಳದಿಯಾಗಿ ಮಂಕಾಗಿ ಉರಿಯುತ್ತದೆ. ಕೆಟ್ಟದ್ದು ಏನಂದರೆ ಮೂರೂ ಬಲ್ಬಿನ ಹಿಂದಿನ ಮೂರು ಪಿನ್ ಒಂದೇ ತರಹ, ಹೋಲ್ಡರಿಗೆ ಆರಾಮಾಗಿ ಕೂರುತ್ತವೆ. ಕೂತ ಮಾತ್ರಕ್ಕೆ ಹೊಂದುತ್ತದೆ ಅಂತ ಅಲ್ಲ. ಹೋಲ್ಡರ್ ಕರಗುತ್ತದೆ, ಡಿಪ್ಪರ್ ಸ್ವಿಚ್ಚಿನ ಒಳಗಿನ ಪಾಯಿಂಟ್ ಸುಡುತ್ತದೆ, ಪ್ಲಾಸ್ಟಿಕ್ ಡೂಮ್ ಆದರೆ ಒಳಗಿನ ಕನ್ನಡಿಯಂಥ ಲೇಪ ಮಸುಕಾಗುತ್ತದೆ. ರಿಫ್ಲೆಕ್ಟರ್ ಒಮ್ಮೆ ಮಸುಕಾದರೆ ಆಮೇಲೆ ಯಾವ ಬಲ್ಬ್ ಹಾಕಿದರೂ ಅಷ್ಟೇ.

ಹಾಗಾದರೆ ಬೆಳಕು ಎಲ್ಲಿ ಹೋಗುತ್ತದೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೂರರಲ್ಲಿ ಹೆಚ್ಚಿನವರ ತೊಂದರೆ ಇಲ್ಲೇ ಇರುತ್ತದೆ. ಹೊಲದಲ್ಲಿ ಮೋಟರ್ ಚೆನ್ನಾಗೇ ಇದ್ದರೂ ಪೈಪ್ ಅಲ್ಲಲ್ಲಿ ಕಟ್ಟಿಕೊಂಡರೆ ಕೊನೆಗೆ ನೀರು ಸಣ್ಣಗೆ ಬರುತ್ತದಲ್ಲ, ಹಾಗೆ. ಕಾಯಿಲ್‌ನಲ್ಲಿ ಹದಿಮೂರು ವೋಲ್ಟ್ ಇರುತ್ತದೆ, ಬಲ್ಬಿನ ಪಿನ್ನಿಗೆ ಹನ್ನೆರಡೂ ತಲುಪಿರುವುದಿಲ್ಲ. ಹ್ಯಾಲೋಜನ್ ಬಲ್ಬಿನಲ್ಲಿ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಹತ್ತಕ್ಕೆ ಹತ್ತಲ್ಲ, ಮೂವತ್ತು! ನಿಮ್ಮ ಹಳೇ ಹೋಲ್ಡರ್ ಸುಟ್ಟಿತ್ತು ಅಂದಿರಿ. ಅಂಥ ಹೋಲ್ಡರ್ ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಪಿನ್ ಹಿಡಿಯುವ ಹಿತ್ತಾಳೆಯ ಕ್ಲಿಪ್ ಬಿಸಿಗೆ ಅಗಲವಾಗಿ ಸಡಿಲ ಆಗಿರುತ್ತದೆ, ವೈರಿನ ತಾಮ್ರ ಹಸಿರು ಕಿಲುಬು ಹಿಡಿದು ಎಳೆದರೆ ಪುಡಿಯಾಗಿ ಬರುತ್ತದೆ. ನಮ್ಮ ಎರೆ ಮಣ್ಣಿನ ಧೂಳು ಒಳಗೆ ಕೂತು, ಮಳೆಗಾಲದಲ್ಲಿ ತೇವ ಹಿಡಿದು, ಈ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ. ಇದನ್ನು ಬಿಟ್ಟು ಬರೀ ಬಲ್ಬ್ ಬದಲಿಸುತ್ತಾ ಹೋದರೆ ದುಡ್ಡು ದಂಡ.

ಬಾಡಿಯೇ ಅರ್ಥ್, ಬೇರೆ ವೈರ್ ಯಾಕೆ ಅನ್ನುವವರೂ ಇದ್ದಾರೆ. ಹೆಡ್‌ಲೈಟ್ ಕೂತಿರುವುದು ಫೋರ್ಕಿನ ಮೇಲೆ. ಫೋರ್ಕ್ ಚಾಸಿಗೆ ಸೇರುವುದು ಹ್ಯಾಂಡಲ್ ಬೇರಿಂಗ್ ಮೂಲಕ, ಆ ಬೇರಿಂಗ್ ತುಂಬಾ ಗ್ರೀಸ್. ಅದರ ಮೂಲಕ ಕರೆಂಟ್ ವಾಪಸ್ ಹೋಗಲಿ ಅಂತ ನಂಬುವುದು ಸರಿಯಲ್ಲ. ಹಸಿರು ವೈರ್ ಪ್ರತ್ಯೇಕವಾಗಿ ಬ್ಯಾಟರಿ ನೆಗೆಟಿವ್ ಅಥವಾ ಚಾಸಿಯ ಅರ್ಥ್ ಬೋಲ್ಟಿಗೆ ಗಟ್ಟಿಯಾಗಿ ತಲುಪಲೇಬೇಕು, ಬೋಲ್ಟ್ ಅಡಿಯ ಪೇಂಟ್ ಕೆರೆದಿರಬೇಕು.

ಈಗ ನಿಮ್ಮ ಮುಂದೆ ಇರುವ ದಾರಿಗಳು.

ನಾನು ನಿಮ್ಮ ಜಾಗದಲ್ಲಿದ್ದರೆ ಕಂಪನಿ ಕೊಟ್ಟ ಹಾಗೇ ವಾಪಸ್ ಮಾಡಿಸುತ್ತೇನೆ. ನಿಮ್ಮ ಮಾಡೆಲ್‌ಗೆ ಸರಿಯಾದ ಒಳ್ಳೇ ಡೂಮ್, ಒಳ್ಳೇ ಬ್ರ್ಯಾಂಡಿನ 35/35 ಎಚ್‌ಎಸ್‌1 ಬಲ್ಬ್, ಹೊಸ ಹೋಲ್ಡರ್. ಬಿಸಿ ತಡೆಯುವ ಹೋಲ್ಡರ್ ಕೇಳಿ, ವೈರ್ ತುಂಡು ಸೇರಿಯೇ ಬರುತ್ತದೆ. ಕೆಲಸ ಮಾಡುವವರು ನೀವೇ ಆಗಲಿ, ಮೆಕ್ಯಾನಿಕ್ ಆಗಲಿ, ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಆಮೇಲೆ ಆ ಡೈರೆಕ್ಟ್ ವೈರನ್ನು ಬ್ಯಾಟರಿಯಿಂದ ಹಿಡಿದು ಹ್ಯಾಂಡಲ್‌ವರೆಗೆ ಪೂರ್ತಿ ತೆಗೀಬೇಕು. ಒಂದು ತುದಿ ಬಿಡಿಸಿ ಇನ್ನೊಂದು ತುದಿಯನ್ನು ಟ್ಯಾಂಕಿನ ಕೆಳಗೆ ಹಾಗೇ ಬಿಡುವುದು ಬೇಡ.

ಹೀರೋ, ಹೋಂಡಾ ಗಾಡಿಗಳಲ್ಲಿ ಸಾಮಾನ್ಯವಾಗಿ ನೀಲಿ ಹೈ ಬೀಮ್, ಬಿಳಿ ಲೋ ಬೀಮ್, ಹಸಿರು ಅರ್ಥ್. ಆದರೆ ಒಮ್ಮೆ ಯಾರೋ ಕತ್ತರಿಸಿ ಸೇರಿಸಿದ ಮೇಲೆ ಬಣ್ಣ ನಂಬಬೇಡಿ. ಗಾಡಿ ಕಡೆಯ ಮೂರು ವೈರಿನಲ್ಲಿ ಅರ್ಥ್ ಯಾವುದು ಅಂತ ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ನೆಗೆಟಿವ್ ಜೊತೆ ಕಂಟಿನ್ಯೂಟಿ (ಕರೆಂಟ್ ದಾರಿ ಕೂಡಿದೆಯಾ ಅನ್ನುವ ಪರೀಕ್ಷೆ) ಹಿಡಿದು ನೋಡಿ. ಒಂದು ಎಚ್ಚರ, ಕಾಯಿಲ್ಲೂ ಅರ್ಥ್‌ಗೆ ಸೇರಿರುವುದರಿಂದ ಲೈಟ್ ಸ್ವಿಚ್ ಆಫ್ ಇಟ್ಟೇ ನೋಡಬೇಕು, ಇಲ್ಲದಿದ್ದರೆ ಬೇರೆ ವೈರೂ ಬೀಪ್ ಅನ್ನುತ್ತದೆ. ನೀಲಿ ದೀಪದ ದಾರಿಯಲ್ಲೂ ಸ್ವಲ್ಪ ಓಮ್ ತೋರಿಸಬಹುದು, ಸೊನ್ನೆಗೆ ಹತ್ತಿರ ಇರುವುದೇ ಅರ್ಥ್. ಬಲ್ಬ್ ಕಡೆಗೆ ಇನ್ನೂ ಸುಲಭದ ಉಪಾಯ ಇದೆ. ಒಂದು 12 ವೋಲ್ಟ್ ಬ್ಯಾಟರಿಯ ಎರಡು ವೈರನ್ನು ಬಲ್ಬಿನ ಪಿನ್‌ಗಳಿಗೆ ಎರಡೆರಡರಂತೆ ಮುಟ್ಟಿಸಿ. ಎರಡು ಜೋಡಿಗಳಲ್ಲಿ ಒಂದೇ ತಂತಿ ಪ್ರಖರವಾಗಿ ಉರಿಯುತ್ತದೆ. ಒಂದು ಜೋಡಿಯಲ್ಲಿ ಮಾತ್ರ ಎರಡೂ ತಂತಿ ಮಂಕಾಗಿ ಉರಿಯುತ್ತವೆ. ಆ ಮಂಕು ಜೋಡಿಯಲ್ಲಿ ಸೇರದೆ ಹೊರಗೆ ಉಳಿದ ಪಿನ್ನೇ ಅರ್ಥ್. ಲೋ ಬೀಮ್ ತಂತಿಯ ಅಡಿಗೆ ಸಣ್ಣ ಲೋಹದ ತಟ್ಟೆ ಇರುತ್ತದೆ, ಅದರಿಂದ ಯಾವುದು ಲೋ, ಯಾವುದು ಹೈ ಅಂತ ಗೊತ್ತಾಗುತ್ತೆ. ಬಲ್ಬಿನ ಗಾಜು ಬೆರಳಿನಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ.

ಜೋಡಣೆ ಹೇಗಿರಬೇಕು? ತಿರುಚಿ ಟೇಪ್ ಸುತ್ತಿದ್ದು ಬೈಕಿನಲ್ಲಿ ಬಾಳುವುದಿಲ್ಲ. ಡೂಮ್ ಒಳಗಿನ ಬಿಸಿಗೆ ಟೇಪಿನ ಗೋಂದು ಕರಗಿ ಬಿಚ್ಚಿಕೊಳ್ಳುತ್ತದೆ, ನಡುಗಿ ನಡುಗಿ ಒಂದೊಂದೇ ಎಳೆ ಕಡಿಯುತ್ತದೆ. ಬೆಸುಗೆ ಹಾಕಿಸಿ ಇಲ್ಲವೇ ಸರಿಯಾದ ಪ್ಲೈಯರ್‌ನಿಂದ ಲಗ್ (ವೈರ್ ತುದಿಗೆ ಹಾಕುವ ಲೋಹದ ಕ್ಲಿಪ್) ಒತ್ತಿಸಿ, ಮೇಲೆ ಬಿಸಿ ಮಾಡಿದರೆ ಕುಗ್ಗುವ ಸ್ಲೀವ್ ಹಾಕಿಸಿ. ಮೂರೂ ಜೋಡಣೆ ಒಂದೇ ಜಾಗದಲ್ಲಿ ಬರದಂತೆ ಒಂದೊಂದನ್ನು ಒಂದೊಂದು ಉದ್ದದಲ್ಲಿ ಕತ್ತರಿಸಬೇಕು, ಆಗ ಯಾವತ್ತಾದರೂ ಸ್ಲೀವ್ ಹರಿದರೂ ಒಂದಕ್ಕೊಂದು ತಾಗುವುದಿಲ್ಲ. ಹ್ಯಾಂಡಲ್ ತಿರುಗುವ ಕಡೆ ವೈರ್ ಸ್ವಲ್ಪ ಸಡಿಲ ಇರಲಿ. ಎಲ್ಲ ಮುಗಿದ ಮೇಲೆ ಲೈಟ್ ಹಾಕಿ ಹ್ಯಾಂಡಲ್ಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ನೋಡಿ. ಲೈಟ್ ಒಂದು ಕ್ಷಣ ಕಣ್ಣು ಮಿಟುಕಿಸಿದರೂ ಎಲ್ಲೋ ಎಳೆಯುತ್ತಿದೆ ಅಂತಲೇ ಲೆಕ್ಕ.

ಕೊನೆಗೆ ಎಂಜಿನ್ ಓಡುತ್ತಿರುವಾಗ ಬಲ್ಬ್ ಉರಿಯುತ್ತಿರುವಂತೆಯೇ ಹೋಲ್ಡರಿನ ಹಿಂದಿನಿಂದ ಮೀಟರ್ ಹಿಡಿದು ಎಸಿ ವೋಲ್ಟ್ ನೋಡಿ. ಸ್ವಲ್ಪ ರೇಸ್ ಕೊಟ್ಟಾಗ ಹನ್ನೆರಡರಿಂದ ಹದಿನಾಲ್ಕರ ಒಳಗೆ ಇದ್ದರೆ ಸರಿ. ರೇಸ್ ಕೊಟ್ಟ ಹಾಗೆಲ್ಲ ಹದಿನಾರು, ಹದಿನೇಳು ಅಂತ ಏರುತ್ತಾ ಹೋದರೆ ರೆಕ್ಟಿಫೈಯರ್ ಹೋಗಿದೆ ಅಥವಾ ಅದರ ಅರ್ಥ್ ಬಿಟ್ಟಿದೆ. ಬಲ್ಬ್ ಮೇಲೆ ಬಲ್ಬ್ ಹೋಗುತ್ತಿದೆ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಎರಡನೇ ದಾರಿ, ಎಲ್‌ಇಡಿ ಇಟ್ಟುಕೊಂಡೇ ವೈರಿಂಗ್ ಸರಿ ಮಾಡಿಸುವುದು. ಆಗುತ್ತದೆ, ಆದರೆ ಅರ್ಧಂಬರ್ಧ ಮಾಡಬಾರದು. ಡಿಪ್ಪರ್ ಸ್ವಿಚ್‌ಗೆ ಒಳಬರುವ ಎಸಿ ವೈರನ್ನು ಪೂರ್ತಿ ಬಿಡಿಸಿ, ತುದಿಗೆ ಸ್ಲೀವ್ ಹಾಕಿ ಮುಚ್ಚಬೇಕು. ಹಳದಿ ವೈರ್ ರೆಕ್ಟಿಫೈಯರ್‌ಗೂ ಟೇಲ್ ಲೈಟಿಗೂ ಮೊದಲಿನಂತೆ ಇರಲಿ, ಅದಕ್ಕೆ ಕೈ ಹಾಕಬೇಡಿ. ಹೆಡ್‌ಲೈಟಿಗೆ ಹೊಸ ಡಿಸಿ ವೈರ್ ಕೀ ಸ್ವಿಚ್ ಆದ ಮೇಲಿನ ಲೈನಿನಿಂದ ಬರಬೇಕು, ಶುರುವಿನಲ್ಲೇ ಅದಕ್ಕೆ ಅದರದೇ 3 ಆಂಪ್ ಫ್ಯೂಸ್ ಇರಬೇಕು. 20 ವ್ಯಾಟ್ ಒಳಗಿನ ಎಲ್‌ಇಡಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಬೇಕಿಲ್ಲ. ರಿಲೇ ಬೇಕಾಗುವುದು 60/55ರಂಥ ಬಲ್ಬ್ ಇರುವ ದೊಡ್ಡ ಗಾಡಿಗೆ: ಅಲ್ಲಿ ಹೈಗೆ ಒಂದು, ಲೋಗೆ ಒಂದು ರಿಲೇ ಕೊಟ್ಟರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಬಲ್ಬಿಗೆ ತಲುಪುತ್ತದೆ, ಹ್ಯಾಂಡಲ್ ಸ್ವಿಚ್ಚೂ ಸುಡದೆ ಉಳಿಯುತ್ತದೆ. ಇನ್ನು ನಿಮ್ಮ ಗಾಡಿಯ ಚಾರ್ಜಿಂಗ್ ಈ ಭಾರ ತಡೆಯುತ್ತದಾ ಅಂತ ನೋಡಬೇಕು. ಲೈಟ್ ಹಾಕಿ, ನೀವು ರಸ್ತೆಯಲ್ಲಿ ಓಡಿಸುವಷ್ಟೇ ರೇಸ್ ಕೊಟ್ಟು ಬ್ಯಾಟರಿ ಮೇಲೆ ಡಿಸಿ ವೋಲ್ಟ್ ಹಿಡಿಯಿರಿ. 13ಕ್ಕಿಂತ ಮೇಲಿದ್ದರೆ ನಡೆಯುತ್ತದೆ. 12.5 ಕೆಳಗೆ ಇಳಿಯುತ್ತಾ ಹೋದರೆ ಆ ಬಲ್ಬ್ ನಿಮ್ಮ ಗಾಡಿಗೆ ಭಾರ.

ಕಾಯಿಲ್ಲಿನ ಅರ್ಥ್ ಬಿಡಿಸಿ, ಬೇರೆ ರೆಕ್ಟಿಫೈಯರ್ ಹಾಕಿ ಇಡೀ ಗಾಡಿಯನ್ನೇ ಡಿಸಿ ಮಾಡುವವರೂ ಇದ್ದಾರೆ. ಮ್ಯಾಗ್ನೆಟ್ ಕವರ್ ಬಿಚ್ಚಿ ಮಾಡುವ ಕೆಲಸ ಅದು. ಒಂದು ಹೆಡ್‌ಲೈಟಿಗಾಗಿ ನಿಮಗೆ ಅದು ಬೇಡ.

ಎಲ್‌ಇಡಿಯಲ್ಲಿ ವೈರಿಂಗ್‌ಗಿಂತ ನನಗೆ ಜಾಸ್ತಿ ಚಿಂತೆ ಇರುವುದು ಎದುರಿನವರ ಕಣ್ಣಿನ ಬಗ್ಗೆ. ನೀವು ಡಿಮ್‌ನಲ್ಲಿದ್ದರೂ ಅವರು ಲೈಟ್ ಹೊಡೆಯುವುದು ಸುಮ್ನೆ ಅಲ್ಲ. ಹ್ಯಾಲೋಜನ್ ಡೂಮಿನ ಪ್ರತಿ ಮಡಿಕೆಯನ್ನೂ ಬಲ್ಬಿನ ಆ ಸಣ್ಣ ತಂತಿ ಎಲ್ಲಿರುತ್ತದೆ ಅಂತ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹೊರಡುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಲೋ ಬೀಮಿನ ಮೇಲಿನ ಅಂಚು ಚೆದುರುತ್ತದೆ, ಬೆಳಕು ರಸ್ತೆ ಬಿಟ್ಟು ಮೇಲೆ ಹೋಗುತ್ತದೆ. ನಿಮಗೆ ಹತ್ತಿರದಲ್ಲಿ ಬೆಳ್ಳಗೆ ಜಾಸ್ತಿ ಕಾಣುತ್ತದೆ, ದೂರದ್ದು ಕಾಣುವುದಿಲ್ಲ. ಎದುರಿನ ಬೈಕಿನವನಿಗೆ ನಾಲ್ಕೈದು ಸೆಕೆಂಡ್ ಏನೂ ಕಾಣುವುದಿಲ್ಲ. ಅವನ ಮುಂದೆ ರಿಫ್ಲೆಕ್ಟರ್ ಇಲ್ಲದ, ಹತ್ತಿ ತುಂಬಿದ ಟ್ರೇಲರ್ ನಿಂತಿದ್ದರೆ? 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಲೆಕ್ಕ ನೀವೇ ಹಾಕಿ.

ಇದು ಕಾನೂನಿಗೂ ಸಿಗುವ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಇಂಥ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಹೇಳಿದ್ದಾರೆ. ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ರಾಜ್ಯದ ಪೊಲೀಸರು 2024ರ ಜುಲೈಯಿಂದ ಕೇಸ್ ಹಾಕಲು ಶುರು ಮಾಡಿದ್ದೂ ನಿಮಗೆ ನೆನಪಿರಬಹುದು.

ಯಾವ ಬಲ್ಬ್ ಹಾಕಿದರೂ ಲೈಟಿನ ಎತ್ತರ ಸರಿ ಮಾಡಿಕೊಳ್ಳಿ. ಇದನ್ನು ಮಾಡದೆ ಬಲ್ಬಿಗೆ ಬೈಯುವವರೇ ಜಾಸ್ತಿ. ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ, ನೀವು ಮೇಲೆ ಕೂತುಕೊಳ್ಳಿ. ಸ್ಟ್ಯಾಂಡ್ ಹಾಕಬೇಡಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಗೋಡೆಯ ಮೇಲೆ ಅಷ್ಟೇ ಎತ್ತರದಲ್ಲಿ ಸುಣ್ಣದ ಗೆರೆ ಎಳೆಯಲು ಯಾರಿಗಾದರೂ ಹೇಳಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ 5ರಿಂದ 8 ಸೆಂ.ಮೀ. ಕೆಳಗೆ ಬರಬೇಕು. ಡೂಮಿನ ಬೋಲ್ಟ್ ಸಡಿಲ ಮಾಡಿ ಹೊಂದಿಸಿ ಮತ್ತೆ ಬಿಗಿ ಮಾಡಿ. ಹಿಂದೆ ಹೆಂಡತಿ ಕೂತಾಗ, ಇಲ್ಲವೇ ಮೆಣಸಿನಕಾಯಿ ಚೀಲ, ಹಿಂಡಿ ಚೀಲ ಕಟ್ಟಿಕೊಂಡಾಗ ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ದಿನಾ ಭಾರ ಹೊರುವ ಗಾಡಿಯಾದರೆ ಭಾರ ಹಾಕಿಯೇ ಹೊಂದಿಸಿ.

ಹಳದಿ ಬಲ್ಬ್ ಹಾಕಿದರೆ ಮಂಜು ಸೀಳಿಕೊಂಡು ಹೋಗುತ್ತದೆ ಅನ್ನುವುದನ್ನೂ ಕೇಳಿರುತ್ತೀರಿ. ಮಂಜಿನ ಹನಿಗಳು ದೊಡ್ಡವು, ಬಣ್ಣ ಯಾವುದಾದರೂ ಚೆದುರಿಸುತ್ತವೆ. ಮಂಜಿನಲ್ಲಿ, ಮಳೆಯಲ್ಲಿ ಉಪಯೋಗಕ್ಕೆ ಬರುವುದು ತಗ್ಗಿಸಿದ ಲೋ ಬೀಮ್ ಮತ್ತು ತಗ್ಗಿಸಿದ ವೇಗ. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ ಆಗುತ್ತದೆ.

ಇನ್ನು ತಮ್ಮನ 2021ರ ಗಾಡಿ. ಅದು ಬಿಎಸ್6, ಅಂದರೆ ಹೊಸ ಹೊಗೆ ನಿಯಮಕ್ಕೆ ಮಾಡಿದ ಗಾಡಿ. 2017ರ ಏಪ್ರಿಲ್ 1ರಿಂದ ಹೊಸ ಗಾಡಿಗಳಲ್ಲಿ ಎಂಜಿನ್ ಸ್ಟಾರ್ಟ್ ಆದರೆ ಹೆಡ್‌ಲೈಟ್ ತಾನೇ ಹತ್ತಬೇಕು ಅನ್ನುವ ನಿಯಮ ಬಂದಿದೆ, ಹಾಗಾಗಿ ಅದಕ್ಕೆ ಆರಿಸುವ ಸ್ವಿಚ್ಚೇ ಇರುವುದಿಲ್ಲ. ಯಾರಾದರೂ ಬೇರೆ ಸ್ವಿಚ್ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಫ್ಯೂಯಲ್ ಇಂಜೆಕ್ಷನ್ ಗಾಡಿಯಾದ್ದರಿಂದ ಅದೇ ಕಿಟ್‌ನಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಸೆನ್ಸರ್ ವೈರ್‌ಗಳೂ ಓಡಾಡುತ್ತವೆ. ಅಂದಾಜಿನ ಮೇಲೆ ಟೆಸ್ಟ್ ಲ್ಯಾಂಪ್ ಚುಚ್ಚಿ ನೋಡುವುದು, ಸಿಕ್ಕ ವೈರಿಗೆ ಜೋಡಿಸುವುದು ಅಲ್ಲಿ ನಡೆಯುವುದಿಲ್ಲ. ಒಂದು ತಪ್ಪು ಜೋಡಣೆಗೆ ಸಾವಿರಾರು ರೂಪಾಯಿಯ ಇಸಿಯು ಹೋಗಬಹುದು. ಒಂದೇ ಒಂದು ವೈರನ್ನೂ ಕತ್ತರಿಸಲು ಬಿಡಬೇಡಿ. ಮೊದಲು ಅವನ ಗಾಡಿಯನ್ನೂ ಗೋಡೆ ಎದುರು ನಿಲ್ಲಿಸಿ ಎತ್ತರ ನೋಡಿ, ಡೂಮಿನ ಗ್ಲಾಸ್ ಒಳಗಿನಿಂದ ಮಂಜು ಹಿಡಿದಿದೆಯಾ ನೋಡಿ, ಹೋಲ್ಡರ್ ಹಿಂದಿನ ವೋಲ್ಟೇಜ್ ನೋಡಿ. ಅಷ್ಟೆಲ್ಲ ಸರಿ ಇದ್ದೂ ಬೆಳಕು ಸಾಲದು ಅನ್ನಿಸಿದರೆ ಗಾಡಿಯ ಮಾಡೆಲ್ ಬರೆದು, ಬಲ್ಬಿನ ಬುಡದ ಮೇಲೆ ಅಚ್ಚಾಗಿರುವ ನಂಬರ್ ಸರಿಯಾಗಿ ಕಾಣುವ ಹಾಗೆ ಒಂದು ಫೋಟೋ ಕಳಿಸಿ. ಅದೇ ವ್ಯಾಟಿನಲ್ಲಿ ಯಾವ ಬಲ್ಬ್ ತಗೊಳ್ಳಬಹುದು ಅಂತ ಹೇಳುತ್ತೇನೆ.